ಚಾಲಕರ ಅಭಿಪ್ರಾಯ

ಜುಲೈ ಒಂಬತ್ತರ ಸಭೆಗೆ ಬಂದ ಚಾಲಕರು ಮೂವತ್ತೊಂದು ಮಂದಿ. ಬಾಯಿ ಬಿಟ್ಟು ನಿಜ ಹೇಳಿದವರು ಒಬ್ಬರು. ದೂರದ ಮಾರ್ಗಗಳ ಸರ್ಕಾರಿ ಬಸ್ ಚಾಲಕರಿಗೆ ಎರಡು ಪಾಳಿಗಳ ನಡುವೆ ಎಷ್ಟು ವಿಶ್ರಾಂತಿ ಕೊಡಬೇಕೆಂಬ ನಿಯಮವನ್ನು ಸಾರಿಗೆ ಇಲಾಖೆ ರೂಪಿಸುತ್ತಿತ್ತು. ನಿಯಮ ಯಾರಿಗೆ ತಟ್ಟುವುದೋ ಅವರನ್ನು ಕೇಳಿಯೇ ಬರೆಯಬೇಕೆಂಬುದು ಇಲಾಖೆಯ ಕ್ರಮ. ನಿಯಮ ಬರೆಯಬೇಕಾದ ಅಧಿಕಾರಿ ಡಿಪೋದ ಊಟದ ಕೋಣೆಯ ಬಾಗಿಲನ್ನು ತಾನೇ ಮುಚ್ಚಿ ಬಂದು, "ಇಲ್ಲಿ ಆಡಿದ ಮಾತು ಹೊರಗೆ ಹೋಗೋದಿಲ್ಲ. ಬಸ್ಸು ಓಡಿಸುವಾಗ ಯಾರಿಗಾದರೂ ಜೊಂಪು ಹತ್ತಿದ್ದುಂಟಾ?" ಎಂದು ಕೇಳಿದ. ಡಿಪೋ ಮ್ಯಾನೇಜರ್ ಹಿಂದಿನ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ. ಚಾಲಕರಿಗೆ ಬಿಡುವು ಕೊಟ್ಟು ಸಭೆ ಕೂಡಿಸಿದವನೇ ಅವನು. ಎದ್ದು ಹೋಗಿ ಎನ್ನಲು ಅಧಿಕಾರಿಗೆ ದಾಕ್ಷಿಣ್ಯ ಅಡ್ಡ ಬಂತು.

"ಜೊಂಪಾ? ನಮಗಾ?" ಮುಂದಿನ ಸಾಲಿನ ಚಾಲಕನೊಬ್ಬ ನಕ್ಕ. "ಸ್ಟೀರಿಂಗ್ ಹಿಡಿದ ಮೇಲೆ ಕಣ್ಣಿಗೆ ರೆಪ್ಪೆ ಇದೆ ಅನ್ನೋದೇ ಮರ್ತುಹೋಗುತ್ತೆ ಸಾರ್. ನಮ್ಮ ಮ್ಯಾನೇಜರ್ ಸಾಹೇಬ್ರು ಭಾಷಣ ಮಾಡುವಾಗ ಬರುತ್ತೆ ನೋಡಿ, ಅದೊಂದೇ." ಮ್ಯಾನೇಜರನೂ ನಕ್ಕ.

ನಗು ಅಡಗಿದ ಮೇಲೆ, ಡಿಪೋದಲ್ಲಿ ಎಲ್ಲರೂ 'ಮಾವ' ಎಂದು ಕರೆಯುವ ಹಿರಿಯ ಚಾಲಕರು ಎದ್ದು ನಿಂತರು. "ನನಗೆ ಹತ್ತಿದೆ ಸಾರ್. ಹೋದ ತಿಂಗಳು, ಸೇತುವೆ ಇಳಿಜಾರಿನಲ್ಲಿ. ಹಗಲು ಪಾಳಿ ಮುಗಿಸಿ ಬಂದೋನನ್ನ ಹಾಗೇ ರಾತ್ರಿ ಬಸ್ಸು ಹತ್ತಿಸಿದ್ರು. ಎಚ್ಚರ ಆದಾಗ ಮುಂದಿನ ಚಕ್ರ ರಸ್ತೆ ಬಿಟ್ಟು ಮಣ್ಣಲ್ಲಿತ್ತು. ಹಿಂದೆ ಜನ ಎಲ್ಲ ನನ್ನ ನಂಬಿ ಮಲಗಿದ್ರು. ಅವರಿಗೆ ಇವತ್ತಿಗೂ ಗೊತ್ತಿಲ್ಲ." ಅಷ್ಟು ಹೇಳಿ ಕುಳಿತರು. ಪಕ್ಕದವನು ಬೆಂಚಿನ ಮೇಲೆ ಒಂದಿಷ್ಟು ಆಚೆ ಸರಿದ.

ಮರುದಿನವೇ ಅವರ ಅಮಾನತಾಯಿತು. ಎರಡು ವಾರಗಳ ನಂತರ ಮ್ಯಾನೇಜರನ ಕೋಣೆಯಲ್ಲಿ ವಿಚಾರಣೆ. ಸಾಕ್ಷಿ ಹೇಳಲು ಅಧಿಕಾರಿಯನ್ನು ಕರೆಸಿದ್ದರು.

"ಒಂದೇ ಮಾತು ಸಾರ್," ಎಂದ ಮ್ಯಾನೇಜರ್. "ಇವರು ನಿಮ್ಮ ಮುಂದೆ ಹಾಗೆ ಹೇಳಿದ್ದು ಹೌದಾ, ಅಲ್ಲವಾ?"

"ಅದು ಅಭಿಪ್ರಾಯ ಕೇಳೋ ಸಭೆ. ತಪ್ಪು ಹುಡುಕೋ ಸಭೆ ಅಲ್ಲ."

"ನನಗೇನು ಇವರ ಮೇಲೆ ಹಗೆಯಾ? ನನಗೂ ಇವರು ಮಾವನೇ. ಆದರೆ ಕಿವಿಯಾರೆ ಕೇಳಿಯೂ ಬಸ್ಸು ಕೊಟ್ಟೆ ಅಂದ್ರೆ ನಾಳೆ ನನ್ನ ಕುತ್ತಿಗೆಗೆ ಬರುತ್ತೆ. ನೀವು ನೆನಪಿಲ್ಲ ಅಂದುಬಿಡಿ. ನಾನೂ ತಪ್ಪಾಗಿ ಕೇಳಿಸಿಕೊಂಡೆ ಅಂತೀನಿ. ಇವತ್ತೇ ಕೆಲಸಕ್ಕೆ ಬರಲಿ. ಹೌದು ಅಂದ್ರೆ ಮಾತ್ರ, ವಜಾ ಮಾಡದೆ ನನಗೆ ಬೇರೆ ದಾರಿ ಇಲ್ಲ."

ಅಧಿಕಾರಿ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದ. ಉಳಿದ ಚಾಲಕರೆಲ್ಲ ತಮಗೆ ನಿದ್ದೆಯೇ ಬರುವುದಿಲ್ಲ ಎಂದಿದ್ದರು. ಎಂಟು ಗಂಟೆಗಳ ವಿಶ್ರಾಂತಿ ಕಡ್ಡಾಯವೆಂಬ ಹೊಸ ನಿಯಮ ನಿಂತಿದ್ದುದು ಈ ಒಬ್ಬರ ಮಾತಿನ ಮೇಲೆ. ಅದು ಕಳಚಿದರೆ ನಿಯಮ ಬೀಳುತ್ತಿತ್ತು, ಬಸ್ಸುಗಳು ಹಿಂದಿನಂತೆಯೇ ಓಡುತ್ತಿದ್ದವು. ಒಂದು ಕಡೆ ಒಬ್ಬರ ಅನ್ನ, ಇನ್ನೊಂದು ಕಡೆ ಸಾವಿರಾರು ಜನರ ಪ್ರಾಣ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಆ ಲೆಕ್ಕಕ್ಕೂ ಮೊದಲು ಅವನ ನೆನಪಿಗೆ ಬಂದದ್ದು, ನಿಯಮದ ಕರಡನ್ನು ಓದಿದ ಇಲಾಖೆಯ ನಿರ್ದೇಶಕರು ತನ್ನ ಬೆನ್ನು ತಟ್ಟಿದ್ದು.

"ಹೇಳಿದ್ದು ಹೌದು," ಎಂದ, ಗೋಡೆಯ ಕಡೆ ನೋಡುತ್ತ.

"ಅದಕ್ಕೆ ಇಷ್ಟು ಹೊತ್ತು ಬೇಕಿತ್ತಾ ಸಾರ್?" ಎಂದರು ಎದುರಿಗೆ ನಿಂತಿದ್ದ ಹಿರಿಯ ಚಾಲಕರು. "ನಾನು ಹೇಳಿದ್ದೇ ತಾನೆ." ಆಮೇಲೆ ಮ್ಯಾನೇಜರನತ್ತ ತಿರುಗಿ, "ಎಲ್ಲಿ ಹಾಕಲಪ್ಪಾ ಸಹಿ?" ಎಂದು ಕೇಳಿದರು.

ಹೊರಗೆ ಬಂದ ಮೇಲೆ ಅಧಿಕಾರಿ ತನ್ನ ಕಾರಿನ ಬಾಗಿಲು ತೆರೆದು, "ಬನ್ನಿ ಮಾವ, ಮನೆ ತನಕ ಬಿಡ್ತೀನಿ," ಎಂದ. ತನ್ನ ಬಾಯಿಂದ 'ಮಾವ' ಎಂದದ್ದು ಅವನಿಗೇ ಸಹ್ಯವಾಗಲಿಲ್ಲ.

"ಮನೆಗೆ ಬೇಡ, ಲಾರಿ ಸ್ಟ್ಯಾಂಡಿಗೆ ಬಿಡಿ. ಅಮಾನತಾದಾಗಿನಿಂದ ತರಕಾರಿ ಲಾರಿ ಓಡಿಸ್ತಿದೀನಿ. ರಾತ್ರಿಯೆಲ್ಲ ಓಡಿಸಿ ಬೆಳಿಗ್ಗೆ ಬಂದೆ. ಸಂಜೆ ಐದಕ್ಕೆ ಮತ್ತೆ ಲೋಡು."

"ಮತ್ತೆ ವಿಶ್ರಾಂತಿ?"

"ನಿಮ್ಮ ನಿಯಮ ಸರ್ಕಾರಿ ಬಸ್ಸಿಗಲ್ವಾ ಸಾರ್?" ಚಾಲಕರು ನಕ್ಕರು. ಆ ನಗುವಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅಧಿಕಾರಿಗೆ ಹಗುರವಾಗುತ್ತಿತ್ತು. "ಒಳ್ಳೇ ನಿಯಮ. ಹುಡುಗರು ಬದುಕ್ಕೋತಾರೆ. ಸ್ವಲ್ಪ ಕಣ್ಣು ಮುಚ್ಚಲಾ? ಐದಾದರೆ ಎಬ್ಬಿಸಿಬಿಡಿ."

ಮೊದಲ ತಿರುವು ದಾಟುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಅಧಿಕಾರಿ ಸ್ಟ್ಯಾಂಡಿನ ಗೋಡೆಯ ನೆರಳಿನಲ್ಲಿ ಕಾರು ನಿಲ್ಲಿಸಿ, ಗಡಿಯಾರ ನೋಡುತ್ತ ಕುಳಿತ. ಆಚೆ ಲಾರಿಗೆ ಮೂಟೆ ಏರಿಸುತ್ತಿದ್ದರು. ಐದಾಯಿತು. ಎಬ್ಬಿಸದಿದ್ದರೆ ಇಂದಿನ ಕೂಲಿಯೂ ಹೋಗುತ್ತದೆ. ಎಬ್ಬಿಸಿದರೆ ಇದೇ ಕಣ್ಣುಗಳು ಮತ್ತೆ ರಸ್ತೆಗೆ ಇಳಿಯುತ್ತವೆ. ಕೊನೆಗೆ ಅವನು ಅವರ ಭುಜ ಮುಟ್ಟಿದ.

ಕಣ್ಣು ತೆರೆಯುವ ಮೊದಲೇ ಚಾಲಕರ ಬಲಗಾಲು ಬ್ರೇಕ್ ತುಳಿಯುವಂತೆ ಕಾರಿನ ನೆಲವನ್ನು ಬಲವಾಗಿ ಒತ್ತಿ ಹಿಡಿಯಿತು. "ಯಾರಿಗೂ ಏನೂ ಆಗಿಲ್ಲ ತಾನೆ?" ಎಂದು ಕೇಳಿದರು.