ಅತಿಥಿಗಾಗಿ ಸರಿಯುವ ಗೋಡೆ

ಊರಿನ ಎಲ್ಲ ಮನೆಗಳಂತೆ ಶಿವಲೀಲಾಳ ಒಂದೇ ಕೋಣೆಯ ಮನೆಯೂ ಅತಿಥಿ ಬಂದರೆ ಮಾತ್ರ ಹಿಗ್ಗುತ್ತಿತ್ತು. ಅವರು ಹೋದರೆ ಗೋಡೆಗಳು ಮರಳಿ ಒಳಗೆ ಬರುತ್ತಿದ್ದವು. ಮದುವೆ ಮನೆಗೆ ಕೊಡಬೇಕಾದ ಖಡಕ್ ರೊಟ್ಟಿ ಆರಹಾಕಲು ಜಾಗ ಸಾಲದೆ ಅವಳು ಗದಗಿನಿಂದ ಚಿಗವ್ವ ನೀಲಗಂಗವ್ವನನ್ನು ಕರೆಸಿದಳು. ಚಿಗವ್ವ ಹೊಸ್ತಿಲು ದಾಟಿದ್ದೇ ತಡ, ಗೋಡೆ ನಾಲ್ಕು ಮೊಳ ಹಿಂದೆ ಸರಿಯಿತು. ಶಿವಲೀಲಾ ನೆಲದ ತುಂಬ ಹಳೆಯ ಸೀರೆ ಹಾಸಿ ರೊಟ್ಟಿ ಹರವಿದಳು.

ಚಹಾ ಕುಡಿದ ಚಿಗವ್ವ ಕಪ್ಪು ತೊಳೆಯಲು ತಾನೇ ಎದ್ದಳು. ಗೋಡೆ ಒಂದು ಗೇಣು ಮುಂದೆ ಬಂತು.

"ಚಿಗವ್ವ, ಕುಂದ್ರ ಅಂದ್ನೆಲ್ಲ! ಮನೀಗೆ ಬಂದ ಬೀಗರಂಗ ಇರು. ಬೀಗರು ಎಲ್ಲ್ಯಾರ ಕೆಲಸ ಮಾಡ್ತಾರೇನು?"

"ಎಷ್ಟಂತ ಕುಂದ್ರಲೆವಾ? ಸೊಂಟ ಹಿಡೀತು. ರೊಟ್ಟಿನಾರ ತಿರುವಿ ಹಾಕ್ತೀನಿ."

"ಮುಟ್ಟಬ್ಯಾಡ!"

"ಯಾಕವಾ, ನಾ ಏನ್ ಹೊರಗಿನಾಕಿ? ಇದು ನನ್ನ ಮನೀನ."

ಚಿಗವ್ವ ಅಂತಃಕರಣದಿಂದಲೇ ಹೇಳಿದ್ದಳು. ಶಿವಲೀಲಾ ಸೀರೆ ಎಳೆದುಕೊಳ್ಳುವಷ್ಟರಲ್ಲಿ ಗೋಡೆ ಸರ್ರನೆ ಬಂದು ರೊಟ್ಟಿಗಳನ್ನೆಲ್ಲ ಚೂರು ಮಾಡಿತು. ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕುಳಿತರು.

"ಹೌದು ಚಿಗವ್ವ, ನಿನ್ನ ಮನೀನ," ಎಂದು ಕೊನೆಗೆ ಶಿವಲೀಲಾ ಹಲ್ಲು ಕಚ್ಚಿ ಹೇಳಿದಳು. "ಹಂಗಾರ ಏಳು, ಒಲಿ ಹಚ್ಚು. ನಾ ಹಿಟ್ಟು ನಾದ್ತೀನಿ."