ಎರಡನೆಯ ಹೆಸರು

"ಇನ್ನೊಬ್ಬರು ಎಲ್ಲಿ?" ಗಾರ್ಡ್ ಚನಿಯಪ್ಪ ಮೂರನೆಯ ಸಲ ಕೇಳಿದ.

ಬಾಸಿತ್ ರಸ್ತೆಯ ಕಡೆ ನೋಡಿದ. "ಬೈಕ್ ಇಡ್ತಿದ್ದಾನೆ. ಈಗ ಬರ್ತಾನೆ."

ಬೊಳ್ಳೆಕಲ್ಲು ಗುಡ್ಡದ ಬುಡದ ಫಾರೆಸ್ಟ್ ಗೇಟಿನಲ್ಲಿ ಒಂದೇ ನಿಯಮ: ಒಂಟಿಯಾಗಿ ಯಾರೂ ಹತ್ತುವಂತಿಲ್ಲ. ಕಡಿಮೆಯೆಂದರೆ ಇಬ್ಬರಿರಬೇಕು. ಇಬ್ಬರ ಹೆಸರು, ಊರು, ಫೋನ್ ನಂಬರ್ ಪುಸ್ತಕದಲ್ಲಿ ಬರೆಯಬೇಕು. ಹಳೆಯ ಗಾರ್ಡ್ ಮುಂಡಪ್ಪ ಬರೆದದ್ದನ್ನು ನೋಡುತ್ತಿದ್ದನೇ ಹೊರತು ಬಂದವರನ್ನು ನೋಡುತ್ತಿರಲಿಲ್ಲ. ಪಾಪ, ಅವನು ಮೊನ್ನೆ ಸೋಮವಾರ ನಿವೃತ್ತನಾದ. ಈ ಚನಿಯಪ್ಪ ತಲೆ ಎಣಿಸುವ ಆಸಾಮಿ.

ಬಾಸಿತ್ ತೂಕದ ಯಂತ್ರ ರಿಪೇರಿಯವನು. ತಿಂಗಳ ಮೂರನೆಯ ಶನಿವಾರ ಬಂಟ್ವಾಳದಿಂದ ಹೊರಟು, ಮೂಡುಬಿದಿರೆಯ ಅಂಗಡಿಗಳ ಕೆಲಸ ಮುಗಿಸಿ, ಮಧ್ಯಾಹ್ನಕ್ಕೆ ಬೆಳ್ತಂಗಡಿ. ಅಲ್ಲಿ ಗೆಳೆಯ ದೇವಿಪ್ರಸಾದನ ಪೈಂಟ್ ಅಂಗಡಿಯಲ್ಲಿ ಒಂದು ಚಹಾ. ಆಮೇಲೆ ಕಲ್ಲು ಹತ್ತುವುದು. ಕೆಲಸ, ಸ್ನೇಹ, ಗುಡ್ಡ ಮೂರೂ ಒಂದೇ ಪೆಟ್ರೋಲಿನಲ್ಲಿ ಆಗುತ್ತದೆ ಎಂದು ಗಿರಾಕಿಗಳ ಹತ್ತಿರ ತಮಾಷೆ ಮಾಡುತ್ತಿದ್ದ. ನಿಜ ಬೇರೆಯೇ ಇತ್ತು. ಅಣ್ಣಂದಿರೆಲ್ಲ ದುಬೈಯಲ್ಲಿ. ಹೆತ್ತ ಉಮ್ಮ ತೀರಿಹೋಗಿ ಎರಡು ವರ್ಷ. ಮನೆಯ ಬೀಗ ಹಾಕುವವನೂ ತೆಗೆಯುವವನೂ ಅವನೊಬ್ಬನೇ. ಇಡೀ ತಿಂಗಳು ಅವನು ಈ ಒಂದು ಶನಿವಾರಕ್ಕಾಗಿ ಕಾಯುತ್ತಿದ್ದ.

ಮೂಡುಬಿದಿರೆಯಲ್ಲಿ ಕಾಲೇಜು ಓದುವಾಗ ಗೆಳೆಯರಿಬ್ಬರೂ ಈ ಕಲ್ಲನ್ನು ಎಷ್ಟು ಸಲ ಹತ್ತಿದ್ದರೋ. ದೇವಿಪ್ರಸಾದ್ ಮುಂದೆ, ಏದುಸಿರು ಬಿಡುತ್ತ ಬಾಸಿತ್ ಹಿಂದೆ. ಒಬ್ಬನೇ ಬಂದೆಯಾ ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ ದೇವಿಪ್ರಸಾದ್, "ಇಲ್ಲ, ಹಿಂದೆ ಬರ್ತಿದ್ದಾನೆ" ಎನ್ನುತ್ತಿದ್ದ. ಮೂರು ವರ್ಷದ ಕೆಳಗೆ ಬಾಸಿತ್ ಎರಡು ಸಲ "ಬಾ, ಮೊದಲಿನ ಹಾಗೆ ಹೋಗುವ" ಎಂದು ಕರೆದಿದ್ದ. ಎರಡು ಸಲವೂ ಅಂಗಡಿ ತುಂಬ ಜನ. "ಇನ್ನೊಮ್ಮೆ ನೋಡುವ" ಎಂದಿದ್ದ ದೇವಿಪ್ರಸಾದ್. ಮೂರನೆಯ ಸಲ ಕರೆಯಲು ಬಾಸಿತನಿಗೆ ಧೈರ್ಯ ಸಾಲಲಿಲ್ಲ. ಮತ್ತೂ ಇಲ್ಲ ಎಂದುಬಿಟ್ಟರೆ ಆ ಚಹಾಕ್ಕೂ ಯಾವ ಮುಖ ಹೊತ್ತು ಹೋಗುವುದು?

ಇವತ್ತೂ ಅವನು ಅಂಗಡಿಗೆ ಕಾಲಿಡುವ ಮೊದಲೇ ಮೇಜಿನ ಮೇಲೆ ಎರಡು ಗ್ಲಾಸ್ ಚಹಾ ಬಂದು ಕೂತಿತ್ತು.

"ಕಲ್ಲಿಗಾ?" ದೇವಿಪ್ರಸಾದ್ ಕೇಳಿದ.

"ಹೌದು."

"ಜೊತೆಗೆ ಜನ ಉಂಟಲ್ಲ?"

"ಉಂಟು, ಒಬ್ಬ." ಬಾಸಿತ್ ಗ್ಲಾಸಿನೊಳಗೆ ನೋಡಿದ. "ನೀನು ಹೋಗುವುದೇ ಇಲ್ಲವಾ ಈಗ?"

"ಹೋಗ್ತೇನೆ. ಕಳೆದ ಆದಿತ್ಯವಾರ ಹೋಗಿದ್ದೆ."

"ಒಬ್ಬನೇ?"

"ಒಬ್ಬನನ್ನು ಬಿಡುವುದಿಲ್ಲವಲ್ಲ ಮಾರಾಯ. ಉಂಟು, ನನಗೂ ಒಬ್ಬ."

ಯಾರವನು ಎಂದು ಬಾಸಿತನಿಗೆ ಕೇಳಬೇಕೆನಿಸಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದ. ತನ್ನನ್ನು ಬಿಟ್ಟು ಇನ್ನೊಬ್ಬನೊಡನೆ ಅದೇ ಕಲ್ಲು ಹತ್ತುತ್ತಾನೆ! ಸಿಟ್ಟಿಗಿಂತ ಅಳುವೇ ಹತ್ತಿರವಿತ್ತು. ಆದರೂ ಗೇಟಿಗೆ ಬಂದವನು ಪ್ರತಿ ತಿಂಗಳಿನಂತೆ ಇವತ್ತೂ ಎರಡನೆಯ ಹೆಸರು ದೇವಿಪ್ರಸಾದನದ್ದೇ ಬರೆದ. ಅವನಿಗೆ ಬಾಯಿಪಾಠ ಬರುತ್ತಿದ್ದದ್ದು ಅದೊಂದೇ ನಂಬರ್.

ಹತ್ತು ನಿಮಿಷವಾಯಿತು. ಯಾರೂ ಬರಲಿಲ್ಲ.

ಚನಿಯಪ್ಪ ತನ್ನ ಫೋನ್ ತೆಗೆದ. "ನಂಬರ್ ಕೊಟ್ಟಿದ್ದೀರಲ್ಲ. ನಾನೇ ಕೇಳ್ತೇನೆ."

"ಬೇಡ." ಬಾಸಿತ್ ಅವನ ಕೈ ಹಿಡಿದುಬಿಟ್ಟ. "ದಮ್ಮಯ್ಯ, ಅವನಿಗೆ ಮಾತ್ರ ಫೋನ್ ಮಾಡಬೇಡಿ."

ಚನಿಯಪ್ಪನ ಹುಬ್ಬು ಮೇಲೇರಿತು. ಕೈ ಬಿಡಿಸಿಕೊಂಡು ಪುಸ್ತಕದ ಹಿಂದಿನ ಹಾಳೆಗಳನ್ನು ಮಗುಚತೊಡಗಿದ. ಒಂದು ತಿಂಗಳು, ಎರಡು ತಿಂಗಳು, ಐದು ತಿಂಗಳು. ಎಲ್ಲ ಕಡೆ ಅದೇ ಎರಡು ಹೆಸರು.

"ಪ್ರತಿ ಸಲ ಇಬ್ಬರು ಹತ್ತಿದ್ದೀರಿ. ಆ ಇನ್ನೊಬ್ಬರು ಇಳಿದು ಬಂದದ್ದು ಹೌದಾ?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಹತ್ತಿದ್ದೇ ಇಲ್ಲ," ಎಂದ ಬಾಸಿತ್. "ಅವನು ನನ್ನ ಜೊತೆ ಬರುವುದಿಲ್ಲ. ಅವನಿಗೆ ಬೇರೆ ಜನ ಉಂಟು. ಸುಮ್ಮನೆ ಹೆಸರು ಬರೆದು ನಾನೊಬ್ಬನೇ ಹೋಗ್ತಿದ್ದೆ. ಮೇಲೆ ಸ್ವಲ್ಪ ಹೊತ್ತು ಕೂತು ಬರ್ತೇನೆ, ಅಷ್ಟೇ."

"ಸುಳ್ಳು ಹೇಳಬೇಡಿ ಮಾರಾಯ್ರೆ. ಕಳೆದ ಆದಿತ್ಯವಾರವೂ ನೀವಿಬ್ಬರು ಹತ್ತಿದ್ದು ಬರೆದಿದೆ."

"ಆದಿತ್ಯವಾರ ನಾನು ಮಾಣಿ ಪೇಟೆಯಲ್ಲಿ ಮದುವೆಗೆ ಹೋಗಿದ್ದೆ. ಶನಿವಾರ ಅಲ್ಲದೆ ನಾನು ಈ ಕಡೆ ಬರುವವನೇ ಅಲ್ಲ."

"ಹಾಗಾದರೆ ಇದು ಏನು?"

ಚನಿಯಪ್ಪ ಪುಸ್ತಕವನ್ನು ಅವನ ಕಡೆ ತಿರುಗಿಸಿದ. ಬಾಸಿತ್ ಬಗ್ಗಿ ನೋಡಿದ. ಅಕ್ಷರ ಅವನದ್ದಲ್ಲ. ಬಲಕ್ಕೆ ವಾಲಿದ ಆ ಅಕ್ಷರವನ್ನು ಕಾಲೇಜಿನ ಮೂರು ವರ್ಷ ಪಕ್ಕದಲ್ಲಿ ಕೂತು ನಕಲು ಮಾಡಿದವನಿಗೆ ಗುರುತು ಸಿಗದೆ ಇರುತ್ತದೆಯೇ? ಹಾಳೆಯ ಅಂಚಿನಲ್ಲಿ ನೀಲಿ ಪೈಂಟಿನ ಹೆಬ್ಬೆರಳ ಗುರುತೂ ಇತ್ತು.

"೧. ದೇವಿಪ್ರಸಾದ್, ಬೆಳ್ತಂಗಡಿ. ೨. ಬಾಸಿತ್, ಬಂಟ್ವಾಳ. ಹಿಂದೆ ಬರುತ್ತಿದ್ದಾನೆ."