ಹುಳಿ ಬೀಳದ ಹಾಲು

ಅಮ್ಮ ಬಟ್ಟಲಿನ ತಳಕ್ಕೆ ವಿನಿಗರ್ ಹಾಕುವುದನ್ನೇ ಮರೆತು, ಕುದಿಯುವ ಸೋಯಾ ಹಾಲನ್ನು ಸುರಿದುಬಿಟ್ಟಳು. ಸದಾ ಬೀದಿಗೆ ಮುಖ ಮಾಡಿ ಮೊಟ್ಟೆದೋಸೆ ಹೊಯ್ಯುವ ಮಗಳು ಸು-ಯುನ್, ಉಪ್ಪು ತೆಗೆದುಕೊಳ್ಳಲು ತಿರುಗಿದವಳು, ಅದನ್ನು ಕಂಡಳು. ಹುಳಿ ಬೀಳದೆ ಹಾಲು ಒಡೆಯುವುದಿಲ್ಲ. ಒಡೆಯದಿದ್ದರೆ ಅದು ಈ ಅಂಗಡಿಯ ಉಪ್ಪುಹಾಲೇ ಅಲ್ಲ. ಆ ಬಟ್ಟಲು ಹೋಗಿ ಕೂತದ್ದೂ ಕುವೊ ಮಾಮನ ಮುಂದೆಯೇ. ತೈಪೆಯಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಈ ದಿನನಿತ್ಯದ ಗಿರಾಕಿ ಮೊಸರಿನಲ್ಲಿ ಕಲ್ಲು ಹುಡುಕುವ ಆಸಾಮಿ.

ಓಡಿಹೋಗಿ ಬಟ್ಟಲು ಕಸಿದುಕೊಳ್ಳಲೇ? ಸಾಲಿನಲ್ಲಿ ನಿಂತವರೆದುರು ಅಮ್ಮನ ಮರ್ಯಾದೆ ಏನಾದೀತು? ಸು-ಯುನ್ ಒಂದು ಹೆಜ್ಜೆ ಮುಂದಿಟ್ಟಳು, ಹಿಂದಿಟ್ಟಳು. ಕಾವಲಿಯ ಮೇಲೆ ದೋಸೆ ಸೀಯತೊಡಗಿತು.

"ಏನೋ ಕುವೊ, ಹಾಲು ಚೆನ್ನಾಗಿ ಒಡ್ದಿದ್ಯಾ?" ಅಮ್ಮ ಒಲೆಯ ಬಳಿಯಿಂದಲೇ ಕೂಗಿದಳು.

ಕುವೊ ಮಾಮ ಅಂಗಿಯ ಜೇಬಿನಿಂದ ಪುಟ್ಟದೊಂದು ವಿನಿಗರ್ ಸೀಸೆ ತೆಗೆದ. ಅಮ್ಮನಿಗೆ ಕಾಣದಂತೆ ಬಟ್ಟಲಿಗೆ ಒಂದಿಷ್ಟು ಸುರಿದು ಕದಡಿದ. "ಹೂವಿನ್ ಥರ ಒಡ್ದಿದೆ ಅಕ್ಕಾ! ನಿನ್ ಬಾಯಿಗಿಂತ ಮೆತ್ತಗಿದೆ!"

ನಂತರ ಸೀಸೆಯನ್ನು ಮೇಜಿನ ಕೆಳಗಿನಿಂದ ಹಿಂದಕ್ಕೆ ಚಾಚಿದ. ಹಿಂದಿನ ಮೇಜಿನ ಹೆಂಗಸು ಪತ್ರಿಕೆಯಿಂದ ತಲೆಯನ್ನೂ ಎತ್ತದೆ ಅದನ್ನು ಇಸಿದುಕೊಂಡು, ತನ್ನ ಬಟ್ಟಲಿಗೂ ಒಂದಿಷ್ಟು ಸುರಿದುಕೊಂಡಳು. ಸೀಸೆಯಲ್ಲಿ ವಿನಿಗರ್ ಆಗಲೇ ತಳ ಮುಟ್ಟಿತ್ತು.